ನಾಯಿ ಯಾವ ಜಾತಿ?

ಅರ್ಧ ಗಂಟೆ ಹಿಂದೆ ಒಂದು ಫೋನ್ ಬಂತು. ಸಾಲಗಾಮೆ ರಸ್ತೆ ಕಡೆ ಮನೆ ಇರುವ ಓನರ್. ಹೋದ ಭಾನುವಾರ ಇದೇ ಮನುಷ್ಯ ನನಗೆ ಮನೆ ಕೊಡಲ್ಲ ಅಂದಿದ್ದರು. ಮನೆ ಚೆನ್ನಾಗಿತ್ತು. ಕೆಳಗಿನ ಮನೆ, ಎರಡು ರೂಮು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಸುತ್ತ ಕಾಂಪೌಂಡು. ಬಾಡಿಗೆ 12 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಎಲ್ಲ ಮಾತಾಗಿತ್ತು. ಕೊನೆಗೆ 'ಒಂದು ನಾಯಿ ಇದೆ ಸರ್' ಅಂದೆ.

'ಯಾವ ಜಾತಿ?'

'ರಾಟ್‌ವೀಲರ್.'

ಕೈಯಲ್ಲಿದ್ದ ಬೀಗದ ಕೈ ಮತ್ತೆ ಜೇಬಿಗೆ ಹೋಯಿತು. 'ಅದು ಡೇಂಜರ್ ಮೇಡಂ. ನಮ್ಮಲ್ಲಿ ಆಗಲ್ಲ.'

ಇವತ್ತು ಅದೇ ನಂಬರ್ ನೋಡಿ, ಪಾಪ, ಮನಸ್ಸು ಬದಲಾಯಿಸಿರಬೇಕು ಅಂದುಕೊಂಡೆ. ಒಲೆ ಮೇಲಿನ ಹಾಲು ಬಿಟ್ಟು ಓಡಿ ಬಂದೆ.

'ಮೇಡಂ, ನಿಮ್ಮ ನಾಯಿ ಮರಿ ಹಾಕುತ್ತಾ? ಸಕಲೇಶಪುರದ ಹತ್ರ ನಮ್ಮದೊಂದು ತೋಟ ಇದೆ. ಕಾಯೋಕೆ ಒಂದು ಗಂಡು ಮರಿ ಬೇಕಿತ್ತು.'

ಆಪರೇಷನ್ ಆಗಿದೆ ಸರ್, ಇನ್ನು ಮರಿ ಆಗಲ್ಲ ಅಂದೆ.

'ಅಯ್ಯೋ, ಅಷ್ಟು ಒಳ್ಳೇ ಜಾತಿ ನಾಯಿನ ಹಾಳು ಮಾಡಿಬಿಟ್ರಲ್ಲ!'

ಫೋನ್ ಇಡುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ನಾನೂ ಉಕ್ಕುತ್ತಿದ್ದೇನೆ. ಒಲೆ ಆಮೇಲೆ ಒರೆಸುತ್ತೇನೆ, ಮೊದಲು ಇದನ್ನು ಬರೆಯುತ್ತೇನೆ.

ನನ್ನ ಈ ನಾಯಿ ಮುದ್ದೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಮೈಸೂರಿನಿಂದ ಹಾಸನಕ್ಕೆ ವರ್ಗವಾಗಿ ಬಂದ ವರ್ಷ, ನನಗೆ ಯಾರ ಮುಖವೂ ಬೇಡವಾಗಿದ್ದ ಕಾಲದಲ್ಲಿ ತಂದ ಮರಿ. ಆ ಕಥೆ ಮತ್ತೆ ಬೇಡ. ಈಗ ನಾಲ್ಕು ವರ್ಷ, 42 ಕೆಜಿ. ಕುವೆಂಪುನಗರದ ಈ ಮನೆಯಲ್ಲಿ ಅಷ್ಟೂ ವರ್ಷ ಇದ್ದಾಳೆ. ಮನೆ ಓನರ್ ಅಜ್ಜಿಯ ಮೊಮ್ಮಗನಿಗೆ ಮದುವೆ, ಅವರಿಗೆ ಮನೆ ಬೇಕು, ನ್ಯಾಯವೇ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಇಲ್ಲಿಯವರೆಗೆ ಒಂಬತ್ತು ಮನೆ ನೋಡಿದ್ದೇನೆ. ಒಂಬತ್ತರಲ್ಲೂ ನಾಯಿಯ ಜಾತಿ ಕೇಳಿದರು. ಒಬ್ಬರೂ ನಾಯಿಯನ್ನು ನೋಡಲು ಬರಲಿಲ್ಲ.

ನನ್ನ ಸಿಟ್ಟು ಇರುವುದು ಅಲ್ಲೇ. ಬೇಡ ಅನ್ನಿ, ಆದರೆ ನೋಡಿ ಬೇಡ ಅನ್ನಿ. ರೇಬಿಸ್ ಇಂಜೆಕ್ಷನ್ ಹಾಕಿಸಿದ್ದೀರಾ ಅಂತ ಕೇಳಿ. ವರ್ಷ ವರ್ಷದ್ದೂ ಬರೆಸಿರುವ ಪುಸ್ತಕ ನನ್ನ ಬ್ಯಾಗಿನಲ್ಲೇ ಇರುತ್ತದೆ. ಎಷ್ಟು ಹೊತ್ತಿಗೆ ಹೊರಗೆ ಕರೆದುಕೊಂಡು ಹೋಗುತ್ತೀರಿ, ಕಕ್ಕ ಎತ್ತುತ್ತೀರಾ, ನೀವು ಕಾಲೇಜಿಗೆ ಹೋದಾಗ ಬೊಗಳುತ್ತಾ, ಇದನ್ನೆಲ್ಲ ಕೇಳಿ. ಓನರ್ ಅಜ್ಜಿಯ ನಂಬರ್ ಒಂಬತ್ತು ಜನಕ್ಕೂ ಕೊಟ್ಟೆ. ನಾಲ್ಕು ವರ್ಷ ಅವರ ತಲೆ ಮೇಲೆಯೇ ಓಡಾಡಿದ ನಾಯಿ ಇದು, ಅವರನ್ನೇ ಕೇಳಿ ಅಂದೆ. ಅಜ್ಜಿಗೆ ಒಂದು ಫೋನೂ ಬಂದಿಲ್ಲ. 'ಯಾರೂ ಮಾಡಲಿಲ್ವಲ್ಲೇ' ಅಂತ ಅವರೇ ಬೇಜಾರು ಮಾಡಿಕೊಂಡರು. ಏನು ಹೇಳಬೇಕು ಅಂತ ರೆಡಿ ಮಾಡಿಟ್ಟುಕೊಂಡಿದ್ದರಂತೆ.

ಹೇಮಾವತಿ ನಗರದ ಓನರ್ ಒಬ್ಬರು ವಾಟ್ಸಾಪ್ ತೆಗೆದು ತೋರಿಸಿದರು. 'ಸರ್ಕಾರವೇ ಬ್ಯಾನ್ ಮಾಡಿದೆ ಮೇಡಂ, ನೋಡಿ.' ನೋಡಿದೆ. 2024ರ ಮಾರ್ಚ್ 12ರ ಪತ್ರ. ಕೇಂದ್ರದ ಪಶುಸಂಗೋಪನೆ ಇಲಾಖೆ ಎಲ್ಲ ರಾಜ್ಯಗಳಿಗೆ ಬರೆದದ್ದು. 23 ತಳಿಯ ನಾಯಿಗಳನ್ನು ತರಿಸಬಾರದು, ಮರಿ ಮಾಡಿಸಬಾರದು, ಮಾರಬಾರದು ಅಂತ. ಅದರಲ್ಲಿ ರಾಟ್‌ವೀಲರ್ ಹೆಸರೂ ಇದೆ. ಆ ಪಟ್ಟಿಯನ್ನು ನಾನು ಪರೀಕ್ಷೆ ಪೇಪರ್ ತಿದ್ದುವ ಹಾಗೆ ಓದಿದ್ದೇನೆ. ಒಂದು ಕಡೆ 'ಟೋಸಾ ಇನು' ಅಂತಿದೆ, ಇನ್ನೊಂದು ಕಡೆ 'ಜಪಾನೀಸ್ ಟೋಸಾ' ಅಂತಿದೆ. ಎರಡೂ ಒಂದೇ ನಾಯಿ! ನಮ್ಮ ಪಿಯುಸಿ ಹುಡುಗರು ಹತ್ತು ಅಂಶ ಬರೆಯಿರಿ ಅಂದರೆ ಒಂದನ್ನೇ ಎರಡು ಸಲ ಬರೆಯುತ್ತಾರಲ್ಲ, ಹಾಗೆ. 'ಟೆರಿಯರ್' ಅಂತ ಸುಮ್ನೆ ಒಂದು ಪದ ಬೇರೆ. ಬೆಕ್ಕಿನಷ್ಟಿರುವ ಯಾರ್ಕ್‌ಷೈರ್ ಟೆರಿಯರ್ ಕೂಡ ಟೆರಿಯರ್ರೇ ಅಲ್ವಾ?

ಈ ಪತ್ರವನ್ನು ನಮ್ಮದೇ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ರದ್ದು ಮಾಡಿತು. ಯಾರನ್ನೂ ಕೇಳದೆ ಹೀಗೆ ಮಾಡುವ ಹಾಗಿಲ್ಲ, ಬೇಕಾದರೆ ಸಂಬಂಧಪಟ್ಟವರ ಮಾತು ಕೇಳಿ ಹೊಸದಾಗಿ ಮಾಡಿ ಅಂದಿತು. ಇದನ್ನು ಹೇಳಿದೆ. ಪತ್ರ ರದ್ದಾಗದೇ ಇದ್ದಿದ್ದರೂ, ಈಗಾಗಲೇ ಸಾಕಿರುವ ನಾಯಿಗೆ ಸಂತಾನಹರಣ ಮಾಡಿಸಿ ಅಂತಿತ್ತೇ ಹೊರತು ಬೀದಿಗೆ ಹಾಕಿ ಅಂತ ಇರಲಿಲ್ಲ. ಮುದ್ದೆಗೆ ಅದೂ ಆಗಿದೆ. ಇದನ್ನೂ ಹೇಳಿದೆ. ಅವರು ಫೋನ್ ಮಡಚಿ, 'ಇರಬಹುದು ಮೇಡಂ, ಆದ್ರೂ ನಮಗೆ ಫಾರ್ವರ್ಡ್ ಬಂದಿದೆಯಲ್ಲ' ಅಂದರು. ಹೈಕೋರ್ಟಿಗೂ ಮೇಲೆ ಫ್ಯಾಮಿಲಿ ಗ್ರೂಪ್.

ಬಿ.ಎಂ. ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟ್‌ಗೂ ಹೋಗಿದ್ದೆ. ಅಲ್ಲಿನ ಸೆಕ್ರೆಟರಿ 'ನಮ್ಮಲ್ಲಿ ಸಣ್ಣ ನಾಯಿಗೆ ಮಾತ್ರ ಪರ್ಮಿಷನ್' ಅಂದರು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ ಸರ್, ಎಲ್ಲರೂ ಸೇರಿ ಕೈ ಎತ್ತಿದರೂ ಅಸೋಸಿಯೇಷನ್ ನಾಯಿ ಬ್ಯಾನ್ ಮಾಡುವ ಹಾಗಿಲ್ಲ, ಸಣ್ಣದು ಸರಿ ದೊಡ್ಡದು ಬೇಡ ಅನ್ನುವ ಹಾಗೂ ಇಲ್ಲ ಅಂದೆ. 'ಅದೆಲ್ಲ ಬೆಂಗಳೂರಿಗೆ ಮೇಡಂ. ಇದು ಹಾಸನ.' ಆಯಿತಲ್ಲ. ಇನ್ನು ಫ್ಲ್ಯಾಟಿನ ಓನರೇ ಬೇಡ ಅಂದರೆ ಯಾವ ಮಂಡಳಿ ಏನು ಮಾಡೀತು. ಅವರ ಮನೆ, ಅವರ ಇಷ್ಟ. ಅದನ್ನು ಒಪ್ಪುತ್ತೇನೆ. ಬಂದು ನೋಡಿ ಅಂತ ಕೇಳುವುದಷ್ಟೇ ನನ್ನ ಕೈಲಿರುವುದು.

ಈಗ ಕೆಲವರು ಚೆನ್ನೈ ವಿಷಯ ಎತ್ತುತ್ತೀರಿ. ಗೊತ್ತು. 2024ರ ಮೇ ತಿಂಗಳಲ್ಲಿ ಅಲ್ಲಿನ ಪಾರ್ಕಿನಲ್ಲಿ ಐದು ವರ್ಷದ ಮಗುವಿನ ಮೇಲೆ ಎರಡು ರಾಟ್‌ವೀಲರ್ ಬಿದ್ದವು. ಆ ಸುದ್ದಿ ಓದಿದ ರಾತ್ರಿ ನಾನೂ ಮುದ್ದೆಯ ಬಾಯಿ ನೋಡುತ್ತಾ ಕೂತಿದ್ದೆ. ಸುಳ್ಳು ಹೇಳಲ್ಲ. ಬೇರೆ ನಾಯಿ ಕಚ್ಚಿದರೆ ಹೊಲಿಗೆ, ಇದು ಕಚ್ಚಿದರೆ ಜೀವಕ್ಕೇ ಕುತ್ತು. ಅದಕ್ಕೇ ಬೀದಿಗೆ ಇಳಿದರೆ ಬಾಯಿಗೆ ಮಝಲ್, ಕುತ್ತಿಗೆಗೆ ಗಟ್ಟಿ ಬೆಲ್ಟ್, ಹಗ್ಗ ನನ್ನ ಕೈಯಲ್ಲಿ. ಚೆನ್ನೈನ ಆ ನಾಯಿಗಳಿಗೆ ಇದ್ಯಾವುದೂ ಇರಲಿಲ್ಲ. ಹಗ್ಗ ಹಿಡಿಯಬೇಕಾದವರು ಹಿಡಿಯಲಿಲ್ಲ. ಹಾಗಿದ್ದ ಮೇಲೆ ಮನೆ ಕೊಡುವವರು ಪರೀಕ್ಷೆ ಮಾಡಬೇಕಾದದ್ದು ಯಾರನ್ನು? ನನ್ನನ್ನು. ನನ್ನನ್ನೇ ಪ್ರಶ್ನೆ ಕೇಳಿ ಅಂತ ನಾನೇ ಗೋಗರೆಯುತ್ತಿದ್ದೇನೆ, ಕೇಳುವವರಿಲ್ಲ.

ಸಕಲೇಶಪುರದ ತೋಟದ ಲೆಕ್ಕ ನನಗೆ ಅರ್ಥವಾಗದೇ ಇರುವುದೂ ಇದೇ ಕಾರಣಕ್ಕೆ. ಹಗಲೆಲ್ಲ ಚೈನಿನಲ್ಲಿ ಕಟ್ಟಿ, ರಾತ್ರಿ ಬಿಟ್ಟು, ಕೂಲಿಯವರ ಮೇಲೆ ಬೊಗಳುವುದನ್ನೇ ಕಲಿಸಿ ಬೆಳೆಸಿದರೆ ಅದು ಒಳ್ಳೇ ಜಾತಿ. ಮನೆಯೊಳಗೆ ಮನುಷ್ಯರ ಜೊತೆ ಬೆಳೆಸಿದರೆ ಡೇಂಜರ್.

ಜರ್ಮನಿಯ ರಾಟ್‌ವೈಲ್ ಅನ್ನುವ ಊರಿನಿಂದ ಈ ನಾಯಿಗೆ ಹೆಸರು ಬಂತು. ದನ ಹೊಡೆದುಕೊಂಡು ಹೋಗುವುದು, ಮಾಂಸದ ವ್ಯಾಪಾರಿಗಳ ಗಾಡಿ ಎಳೆಯುವುದು ಅದರ ಕೆಲಸವಾಗಿತ್ತು. ನಮ್ಮ ಮುದ್ದೆಯ ಮುತ್ತಜ್ಜ ಗಾಡಿ ಎಳೆದ. ಇವಳು ಕುಕ್ಕರ್ ಕೂಗಿದರೆ ಮಂಚದ ಕೆಳಗೆ ತೂರುತ್ತಾಳೆ. ಅರ್ಧ ಮಾತ್ರ ಹಿಡಿಯುತ್ತಾಳೆ, ಹಿಂಭಾಗ ಹೊರಗೇ ಇರುತ್ತದೆ. (ನಾಯಿ ಸಾಕಿದವರೆಲ್ಲ ಹೀಗೇ ಹೇಳುವುದು ಅಂತೀರಿ. ಹೌದು, ಹೀಗೇ ಹೇಳುವುದು. ಅದಕ್ಕೇ ನನ್ನ ಮಾತು ನಂಬಬೇಡಿ, ಬಂದು ನೋಡಿ.)

ಇತಿಹಾಸದ ಮೇಡಂ ಆಗಿ ಒಂದು ಮಾತು ಹೇಳದೆ ಬಿಡಲಾರೆ, ಸಹಿಸಿಕೊಳ್ಳಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಒಂದು ಕಲ್ಲು ಇದೆ. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ದೊರೆ ಏನು ಬೇಕು ಕೇಳು ಅಂದಾಗ, ಅವನು 'ಕಾಳಿ' ಅನ್ನುವ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಅವನು ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಅಂತ ಬರೆಸಿದ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಳಿ ಹಂದಿಯ ಮೇಲೆ ಬಿದ್ದಿರುವ ಚಿತ್ರವೂ ಅದರಲ್ಲಿದೆ. ಶಾಸನದಲ್ಲಿ ನಾಯಿಯ ಹೆಸರಿದೆ, ಅದು ಮಾಡಿದ ಕೆಲಸ ಇದೆ. ಜಾತಿ ಬರೆದಿಲ್ಲ.

ಜಾತಿ ಅಂದೆ ನೋಡಿ. ನನಗೆ ಈ ಪ್ರಶ್ನೆ ಹೊಸದೇನಲ್ಲ. ಮುದ್ದೆ ಬರುವ ಮೊದಲು ಮನೆ ಹುಡುಕುವಾಗ 'ನೀವು ಯಾವ ಪೈಕಿ?' ಅಂತ ನನ್ನನ್ನೇ ಕೇಳುತ್ತಿದ್ದರು. ಈಗ ಅವಳ ಜಾತಿ ಕೇಳುವ ಭರದಲ್ಲಿ ನನ್ನದು ಮರೆಯುತ್ತಾರೆ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ನಾಯಿಯನ್ನು ನಾನು ಆರಿಸಿ ತಂದೆ, ಹುಟ್ಟನ್ನು ಯಾರೂ ಆರಿಸಲ್ಲ. ಆದರೆ ಆರನೇ ಮನೆಗೆ ಫೋನ್ ಮಾಡಿದಾಗ ನಾನೊಂದು ಕೆಲಸ ಮಾಡಿದೆ. 'ಲ್ಯಾಬ್ರಡಾರ್ ಸರ್, ಸ್ವಲ್ಪ ಮಿಕ್ಸ್' ಅಂದೆ. ಫೋಟೋ ಕಳಿಸಿ ಅಂದರು. ಕಳಿಸಲಿಲ್ಲ. ಮತ್ತೆ ಫೋನ್ ಎತ್ತಲೂ ಇಲ್ಲ. ಮೈಸೂರಿನಲ್ಲಿ ನನ್ನ ಗೆಳತಿ ಒಬ್ಬಳು ಬಾಡಿಗೆ ಮನೆಗಾಗಿ ಬೇರೆ ಜಾತಿ ಹೇಳಿದ್ದಳು. ಆಗ ಅವಳಿಗೆ ಸ್ವಾಭಿಮಾನದ ಬಗ್ಗೆ ಭಾಷಣ ಬಿಗಿದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಅವಳಿಗೆ ಇನ್ನೂ ಫೋನ್ ಮಾಡಿಲ್ಲ. ಇದನ್ನು ಓದಿದರೆ ಅವಳೇ ಮಾಡಲಿ, ಬೈಯಲಿ.

ಇನ್ನೊಂದು ಹೇಳಿಬಿಡುತ್ತೇನೆ. ಅರಸೀಕೆರೆಯ ನಮ್ಮ ಮನೆಯ ಮೇಲ್ಗಡೆ ಖಾಲಿ ಇದೆ. ಮೊನ್ನೆ ಊರಿಗೆ ಹೋದಾಗ ಅಮ್ಮ ಬ್ರೋಕರ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. 'ಸಣ್ಣ ಸಂಸಾರ ಆದ್ರೆ ಸಾಕಪ್ಪ. ನಾಯಿಗೀಯಿ ಇರೋರು ಬೇಡ.' ಮುದ್ದೆ ಅವರ ಕಾಲ ಮೇಲೆ ತಲೆ ಇಟ್ಟು ಮಲಗಿದ್ದಳು. ಅಮ್ಮನ ಇನ್ನೊಂದು ಕೈ ಅವಳ ಕಿವಿ ತುರಿಸುತ್ತಿತ್ತು. 'ಏನಮ್ಮ ಇದು?' ಅಂದೆ. 'ಇವಳು ನಮ್ಮವಳು ಕಣೇ. ಕಂಡೋರ ನಾಯಿನ ಹೆಂಗೆ ನಂಬೋದು?' ಅಂದರು. ಜಗಳ ಆಡಿದೆ. ನಾನೇ ಗೆದ್ದೆ ಅಂತ ಹೇಳಲಾರೆ.

ಈಗ ಕೆಲಸದ ಮಾತು. ಹಾಸನದಲ್ಲಿ ಎಲ್ಲೇ ಆದರೂ ಸರಿ, ಕೆಳಗಿನ ಮನೆ, ಗೇಟು ಭದ್ರವಾಗಿರಬೇಕು. ಬಾಡಿಗೆ 14 ಸಾವಿರದವರೆಗೆ ಕೊಡುತ್ತೇನೆ. ಬಾಗಿಲು ಕೆರೆದರೆ ಪೇಂಟ್ ನನ್ನ ಖರ್ಚು, ಅದನ್ನು ಅಗ್ರಿಮೆಂಟಿನಲ್ಲೇ ಬರೆಸಿ. ಗೊತ್ತಿರುವವರು ಇನ್‌ಬಾಕ್ಸ್ ಮಾಡಿ. ಭಾನುವಾರ ಇಡೀ ದಿನ ಮನೆಯಲ್ಲೇ ಇರುತ್ತೇವೆ, ಬಂದು ನೋಡಬಹುದು. ಬಿಸ್ಕೆಟ್ ಮಾತ್ರ ತರಬೇಡಿ. ತೂಕ ಜಾಸ್ತಿ ಆಯ್ತು ಅಂತ ಡಾಕ್ಟರ್ ಬೈದಿದ್ದಾರೆ.