ಕಲ್ಲು ಉಳಿಯಿತು, ಸಿಮೆಂಟ್ ಮುಗಿಯಿತು

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಘನಫಲ ಕಲಿಸಿದವನಿಗೆ ಒಂದು ಕಾಂಪೌಂಡು ಗೋಡೆ ಲೆಕ್ಕ ಕಲಿಸಿತು ಅಂತ ಹೇಳಲು ನಾಚಿಕೆ ಏನಿಲ್ಲ. ಬದಿಯಡ್ಕದ ಕಡೆ ಮನೆ ಕಟ್ಟಿಸುವವರು ಒಮ್ಮೆ ಓದಿ, ಆಮೇಲೆ ಬೇಕಾದರೆ ನಗಿ.

ಗೋಡೆ 60 ಅಡಿ ಉದ್ದ, 5 ಅಡಿ ಎತ್ತರ. ಕೆಂಪುಕಲ್ಲು 14 ಇಂಚು ಉದ್ದ, 9 ಅಗಲ, 7 ಎತ್ತರ. ಕಲ್ಲಿನ ನಡುವೆ ಅರ್ಧ ಇಂಚು ಗಾರೆ ಅಂತ ಹಿಡಿದರೆ 397 ಕಲ್ಲು ಬೇಕು, ಗಾರೆ 22 ಘನ ಅಡಿ. ಸಿಮೆಂಟ್ ಒಂದು ಪಾಲು, ಹೊಯ್ಗೆ (ಅಂದರೆ ಮರಳು) ಆರು ಪಾಲು. 22ನ್ನು ಏಳರಿಂದ ಭಾಗಿಸಿದೆ. ಚೀಲವೊಂದರಲ್ಲಿ ಒಂದೂಕಾಲು ಘನ ಅಡಿಗೆ ಚೂರು ಕಮ್ಮಿ, ಅಂದರೆ ಎರಡೂವರೆ ಚೀಲ ಚಿಲ್ಲರೆ. ಮೂರು ಸಾಕು ಅಂತ ಬರೆದಿಟ್ಟೆ.

ಸಿವಿಲ್ ಡಿಪ್ಲೊಮಾ ಮಾಡಿದ ಅಳಿಯ ಫೋನಿನಲ್ಲೇ ತಡೆದ. "ಮಾವ, 1.33ರಿಂದ ಗುಣಿಸಿದ್ದೀರಾ?" ಇಲ್ಲ. ಹೊಯ್ಗೆಯ ಕಾಳುಗಳ ಎಡೆಗೆ ಸಿಮೆಂಟ್ ಇಳಿಯುತ್ತದೆ, ನೀರು ಬಿದ್ದು ಕಲಸಿದ ಮೇಲೆ ರಾಶಿಯೇ ಕುಗ್ಗುತ್ತದೆ. ಹಾಗಾಗಿ 22 ಅಡಿ ಹಸಿ ಗಾರೆಗೆ 29 ಅಡಿಯಷ್ಟು ಒಣ ಸಾಮಾನು ಬೇಕು. ಸಿಮೆಂಟ್ ಮೂರೂವರೆ ಚೀಲ. ನಾಲ್ಕು ತರಿಸಿದೆ. ಹೊಯ್ಗೆ 28 ಅಡಿ, ಕಲ್ಲು 400.

ಐದನೇ ಸಾಲು ಏಳುವಾಗ ನಾಲ್ಕೂ ಚೀಲ ಖಾಲಿ.

"ಮಾಷ್ಟ್ರೇ, ಸಿಮೆಂಟ್ ಮುಗೀತು. ಹೊಯ್ಗೆಯೂ ಇಲ್ಲ" ಅಂದರು ಮೇಸ್ತ್ರಿ. ನನಗೆ ಸಿಟ್ಟು ಬಂತು. ಗಾರೆ ಚೆಲ್ಲಿ ಹಾಳು ಮಾಡಿರಬೇಕು ಅಂತ ಮನಸ್ಸಿನಲ್ಲೇ ಬೈದುಕೊಂಡೆ, ಸುಳ್ಳೇಕೆ ಹೇಳಬೇಕು. ಅವರು ಮಾತಾಡಲಿಲ್ಲ. ಟೇಪು ತಂದು ಎರಡು ಕಲ್ಲಿನ ನಡುವೆ ಹಿಡಿದು ತೋರಿಸಿದರು. ಒಂದು ಇಂಚು. ಇನ್ನೊಂದು ಕಡೆ ಒಂದೂಕಾಲು. ಕೆಳಗಿನ ಕಲ್ಲಿನ ಅಂಚು ಜಜ್ಜಿಹೋಗಿ ಗಾರೆ ಹೊಂಡಕ್ಕೆ ಇಳಿದಿತ್ತು.

ಆ ಕಲ್ಲು ಆರಿಸಿದವ ನಾನೇ. ಕೋರೆಯಲ್ಲಿ ಎರಡನೇ ನಂಬ್ರದ್ದು ಕಲ್ಲೊಂದಕ್ಕೆ ಐದು ರೂಪಾಯಿ ಕಮ್ಮಿ ಅಂದರು. ಕಾಂಪೌಂಡಿಗೆ ಇಷ್ಟು ಧಾರಾಳ ಸಾಕು ಅನಿಸಿತು. 2000 ರೂಪಾಯಿ ಉಳಿಸಿದ ಖುಷಿಯಲ್ಲಿ ಪೇಟೆಯಲ್ಲಿ ಗೋಳಿಬಜೆ ತಿಂದೇ ಬಂದಿದ್ದೆ.

ರಾತ್ರಿ ಕೂತು ಲೆಕ್ಕ ತಿರುಗಿ ಹಾಕಿದೆ. ಸಂದು ಅರ್ಧ ಇಂಚಿನಿಂದ ಒಂದು ಇಂಚಿಗೆ ಹೋದರೆ 22 ಅಡಿ ಇದ್ದ ಗಾರೆ 41 ಅಡಿ ಆಗುತ್ತದೆ. ಸಿಮೆಂಟ್ ಆರೂವರೆ ಚೀಲ, ಹೊಯ್ಗೆ 47 ಅಡಿ. "ನೂರು ಚದರಕ್ಕೆ ಇಷ್ಟು ಚೀಲ" ಅಂತ ಬಾಯಿಲೆಕ್ಕ ಹೇಳುವವರ ಮೇಲೆ ನನಗೆ ಆವತ್ತಿಂದ ನಂಬಿಕೆ ಇಲ್ಲ. ಯಾವ ಕಲ್ಲಿಗೆ, ಎಷ್ಟು ಸಂದಿಗೆ ಅಂತ ಕೇಳದೆ ಆ ಲೆಕ್ಕ ಹೇಳುವುದಾದರೂ ಹೇಗೆ? ಲೋಡು ಇಳಿಸುವ ಮೊದಲು ಹತ್ತು ಕಲ್ಲು ಅಂಗಳದಲ್ಲಿ ಗಾರೆ ಇಲ್ಲದೆ ಸಾಲಾಗಿ ಜೋಡಿಸಿ ನೋಡಿ. ಎಡೆ ಎಷ್ಟು ಬರುತ್ತದೋ ಅದನ್ನೂ ಸೇರಿಸಿ ಸಿಮೆಂಟಿಗೆ ಹೇಳಿ.

ಇನ್ನೊಂದು ಕಳ್ಳ ಉಂಟು, ಮಳೆಗಾಲದ ಹೊಯ್ಗೆ. ತೇವ ಇದ್ದರೆ ಅದು ಉಬ್ಬಿ ಕೂತಿರುತ್ತದೆ. ಡಬ್ಬಿಯಲ್ಲಿ 20 ಸೆಂಟಿಮೀಟರ್ ಎತ್ತರಕ್ಕೆ ತೇವದ ಹೊಯ್ಗೆ ಸುರಿದು, ನೀರು ತುಂಬಿಸಿ ಕಲಕಿ ಬಿಡಿ. ನನ್ನದು 16ಕ್ಕೆ ಇಳಿಯಿತು. ಅಂದರೆ ಅಳತೆಯ ಐದರಲ್ಲಿ ಒಂದು ಪಾಲು ಬರೀ ಉಬ್ಬು. ಪಾತ್ರೆಯಲ್ಲಿ ಅಳೆದು ಆರು ಪಾಲು ಹಾಕಿದರೂ ಒಳಗೆ ಐದು ಪಾಲೂ ಇರುವುದಿಲ್ಲ, ಸಿಮೆಂಟ್ ಮಾತ್ರ ಪೂರ್ತಿ ಹೋಗುತ್ತದೆ. ಮೇಸ್ತ್ರಿಗೆ ಇದು ಗೊತ್ತಿತ್ತು. ಒದ್ದೆ ಹೊಯ್ಗೆಯಾದರೆ ಪ್ರತಿ ಪಾತ್ರೆಯ ಮೇಲೆ ಗೋಪುರದ ಹಾಗೆ ರಾಶಿ ಬಿಡುತ್ತಿದ್ದರು. ಅದನ್ನೂ ನಾನು ದಂಡ ಅಂತಲೇ ಎಣಿಸಿದ್ದೆ.

ಕಡೆಗೆ ಏಳು ಚೀಲ ಆಯಿತು. ಮೂರು ಚೀಲ ಹೆಚ್ಚಿಗೆ, ಇಪ್ಪತ್ತು ಅಡಿ ಹೊಯ್ಗೆ, ಅದನ್ನು ತಂದ ಪಿಕಪ್ಪಿನ ಬಾಡಿಗೆ, ನಾಲ್ಕು ಜನ ಸುಮ್ಮನೆ ಕೂತ ಅರ್ಧ ದಿನದ ಕೂಲಿ. ಆ 2000 ಎಲ್ಲಿಗೆ ಹೋಯಿತೋ ಗೊತ್ತಾಗಲೇ ಇಲ್ಲ.

ಕೆಲಸ ಮುಗಿದ ದಿನ ಮೇಸ್ತ್ರಿ ಕೈತೊಳೆಯುತ್ತಾ, "ಕಲ್ಲು ಜಾಸ್ತಿ ತರಿಸಿದ್ರಿ ಮಾಷ್ಟ್ರೇ" ಅಂದರು. ಹೌದು, ಸಂದು ಅಗಲವಾದಾಗ 360ರಲ್ಲೇ ಗೋಡೆ ಮುಗಿದಿತ್ತು. ಒಡೆದದ್ದು ಬಿಟ್ಟು 32 ಕಲ್ಲು ಹಲಸಿನ ಮರದ ಬುಡದಲ್ಲಿ ಪಾಚಿ ಹಿಡಿಯುತ್ತಾ ಕೂತಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಆದರೆ ಸಿಮೆಂಟ್ ಜಾಸ್ತಿ ಇಟ್ಟುಕೊಂಡೇ ಬನ್ನಿ.