ಎಫ್‌ಸಿಗೆ ಎಫ್‌ಸಿ

ನಮ್ಮ ಮನೆಯಲ್ಲಿ ಎಫ್‌ಸಿ ಅಂದರೆ ಎರಡು ಅರ್ಥ. ಒಂದು, ಆರ್‌ಟಿಓದಲ್ಲಿ ಹಳೆ ಗಾಡಿಗೆ ಮಾಡಿಸುವ ಫಿಟ್‌ನೆಸ್ ಸರ್ಟಿಫಿಕೇಟು. ಇನ್ನೊಂದು, ಶೆಡ್ಡಿನಲ್ಲಿ ನಿಂತಿರುವ ತಾತನ ಕಾಲದ ಎಫ್‌ಸಿ-150 ಲಾರಿ. ‘ಮಂಗಳವಾರ ಎಫ್‌ಸಿಗೆ ಎಫ್‌ಸಿ ಇದೆ’ ಅಂತ ನಾನಂದರೆ ನೆಂಟರು ನನ್ನ ಮುಖ ನೋಡುತ್ತಾರೆ. ಮನೆಯವರು ಮಾತ್ರ ‘ಮತ್ತೆ ಶುರುವಾಯ್ತು’ ಅಂತ ಒಳಗೆ ಹೋಗಿಬಿಡುತ್ತಾರೆ.

ಲಾರಿ ಅನ್ನುವುದು ಸ್ವಲ್ಪ ದೊಡ್ಡ ಮಾತೇ. ಜೀಪಿನ ಮೂಗು ಕೊಯ್ದು ಹಿಂದೆ ಒಂದು ತೊಟ್ಟಿ ಕೂರಿಸಿದ ಹಾಗಿದೆ. ವಿಲ್ಲಿಸ್‌ನವರು ಅಮೆರಿಕದಲ್ಲಿ 1956ರ ಕೊನೆಗೆ ಹೊರತಂದ ಗಾಡಿ. ಅಲ್ಲಿ 1965ಕ್ಕೆ ನಿಂತುಹೋಯಿತು. ಆಮೇಲೂ ನಮ್ಮಲ್ಲಿ ಮಹೀಂದ್ರದವರು ಮಾಡುತ್ತಿದ್ದರು. ನಮ್ಮದರ ನಂಬರ್ ‘ಎಂವೈ’ಯಿಂದ ಶುರು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯ್ತಲ್ಲ, ಅದಕ್ಕೂ ಮೊದಲೇ ನಾಮಕರಣ ಆದದ್ದು ಇದು.

ಎಂಜಿನ್ 2.2 ಲೀಟರಿನ ಪೆಟ್ರೋಲ್, ನಾಲ್ಕು ಸಿಲಿಂಡರ್. ಮೂಗಿಲ್ಲದ ಗಾಡಿಯಾದ್ದರಿಂದ ಅದು ಕ್ಯಾಬಿನ್ ಒಳಗೇ, ಡ್ರೈವರಿಗೂ ಪಕ್ಕದವರಿಗೂ ನಡುವೆ, ತಗಡಿನ ಮುಚ್ಚಳ ಹೊದ್ದು ಕೂತಿದೆ. ಆಷಾಢದ ಮಳೆಯಲ್ಲಿ ಆ ಮುಚ್ಚಳದ ಮೇಲೆ ಕಂಬಳಿ, ಕಾಲುಚೀಲ ಎಲ್ಲ ಚೆನ್ನಾಗಿ ಒಣಗುತ್ತವೆ. ಬೇಸಿಗೆಯಲ್ಲಿ ಡ್ರೈವರಿನ ಎಡಗಾಲು ಒಣಗುತ್ತದೆ.

ಇದರ ಕಾಯಿಲೆಯೆಲ್ಲ ಪಾಯಿಂಟಿನದು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ (ನಮ್ಮ ಮೇಸ್ತ್ರಿ ಅದನ್ನು ಡೆಲ್ಕೊ ಅಂತಲೇ ಕರೆಯುವುದು) ಎರಡು ಪುಟ್ಟ ಲೋಹದ ತುಟಿಗಳಿವೆ. ತುಟಿ ಮುಚ್ಚಿದರೆ ಕಾಯಿಲ್‌ಗೆ ಕರೆಂಟು ಹೋಗುತ್ತದೆ. ತೆರೆದ ಕ್ಷಣಕ್ಕೆ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪಾಯಿಂಟು 6,000 ಸಲ ಬಾಯಿ ತೆರೆದು ಮುಚ್ಚಬೇಕು. ಇಷ್ಟು ಬಾಯಿ ಆಡಿಸಿದರೆ ಏನು ತಾನೇ ಸವೆಯದೆ ಇರುತ್ತೆ? ಸಾಲದ್ದಕ್ಕೆ ಸಕಲೇಶಪುರದ ಮಳೆ. ಜೂನ್ ಬಂತು ಅಂದರೆ ಡೆಲ್ಕೊ ಒಳಗೂ ಬೂಸ್ಟು ಹಿಡಿಯುತ್ತದೇನೋ ಅನ್ನಿಸುತ್ತದೆ.

ಮೇಸ್ತ್ರಿ ಬರುತ್ತಿದ್ದರು, ಪಾಯಿಂಟಿಗೆ ಪಾಲಿಶ್ ಪೇಪರ್ ಉಜ್ಜುತ್ತಿದ್ದರು, ಸಿಗರೇಟ್ ಪ್ಯಾಕಿನ ರಟ್ಟು ಹರಿದು ಮಡಿಸಿ ತುಟಿಗಳ ನಡುವೆ ತೂರಿಸಿ ಗ್ಯಾಪ್ ಇಡುತ್ತಿದ್ದರು. ಪುಸ್ತಕದ ಪ್ರಕಾರ ಅದು 0.020 ಇಂಚು, ಅಂದರೆ ಅರ್ಧ ಮಿಲಿಮೀಟರು. ಇಂಚಿನ ಸಾವಿರದಲ್ಲಿ ಒಂದು ಪಾಲಿಗೆ ಮೇಸ್ತ್ರಿಗಳ ಭಾಷೆಯಲ್ಲಿ ಒಂದು ಥೌ. ‘ಇಪ್ಪತ್ತು ಥೌ ಗೌಡ್ರೆ, ಕಣ್ಣು ಮುಚ್ಕೊಂಡು ಹೇಳ್ತೀನಿ’ ಅನ್ನುತ್ತಿದ್ದರು. ಗಾಡಿ ಸ್ಟಾರ್ಟ್ ಆಗುತ್ತಿತ್ತು. ಉಳಿದ ಸಿಗರೇಟನ್ನು ಅವರು ಸೇದುತ್ತಿದ್ದರು.

ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ತೋಟಕ್ಕೆ ವಾಪಸ್ ಬಂದವನು. ಸಿಗರೇಟ್ ಪ್ಯಾಕಿನ ಮೇಲೆ ನಡೆಯುವ ಗಾಡಿ ನೋಡಿ ಸುಮ್ನೆ ಇರಲು ಆಗಲಿಲ್ಲ. ಆನ್‌ಲೈನಿನಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ತರಿಸಿದೆ. ಪಾಯಿಂಟಿನ ಜಾಗಕ್ಕೆ ಒಂದು ಸೆನ್ಸರು, ಶಾಫ್ಟಿಗೆ ಅಯಸ್ಕಾಂತದ ಬಳೆ, ಹೊರಗೆ ಬರುವುದು ಒಂದು ಕೆಂಪು ವೈರು, ಒಂದು ಕಪ್ಪು. ಉಜ್ಜುವುದೂ ಇಲ್ಲ, ಸವೆಯುವುದೂ ಇಲ್ಲ. ಇಪ್ಪತ್ತು ನಿಮಿಷದ ಕೆಲಸ ಅಂತ ಡಬ್ಬಿಯ ಮೇಲೆ ಬರೆದಿತ್ತು.

ಶನಿವಾರ ಬೆಳಿಗ್ಗೆ ಶುರು ಮಾಡಿದೆ. ಜಾಗ ಸಲೀಸಾಗಲಿ ಅಂತ ಮೊದಲು ನಾಲ್ಕೂ ಪ್ಲಗ್ ವೈರು ಒಟ್ಟಿಗೆ ಕಿತ್ತೆ. ಗುರುತು ಹಾಕಿಕೊಳ್ಳಲಿಲ್ಲ. ನಾಲ್ಕೇ ತಾನೇ?

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-4-2 ಅಂತ ಗೊತ್ತಿತ್ತು. ಗಡಿಯಾರದ ಮುಳ್ಳು ಹೋಗುವ ಕಡೆಗೇ ಸಾಲಾಗಿ ಸಿಕ್ಕಿಸಿದೆ. ಡೆಲ್ಕೊ ಒಳಗೆ ತಿರುಗುತ್ತಾ ಒಂದೊಂದೇ ವೈರಿಗೆ ಕರೆಂಟು ಕೊಡುವ ರೋಟರ್ ಈ ಎಂಜಿನ್ನಿನಲ್ಲಿ ಉಲ್ಟಾ ತಿರುಗುತ್ತದೆ ಅಂತ ಆಗ ನನಗೆ ಹೊಳೆಯಲಿಲ್ಲ. ಹಾಗೆ ಸಿಕ್ಕಿಸಿದರೆ ಒಂದು, ನಾಲ್ಕು ಸರಿ. ಎರಡು, ಮೂರು ಅದಲುಬದಲು. ಆ ಎರಡರಲ್ಲೂ ಪೆಟ್ರೋಲು-ಗಾಳಿ ಒಳಗೆ ಬಿಡುವ ಇನ್ಲೆಟ್ ವಾಲ್ವ್ ತೆರೆಯುವ ಹೊತ್ತಿಗೆ ಸರಿಯಾಗಿ ಕಿಡಿ ಬೀಳುತ್ತದೆ. ಸೆಲ್ಫ್ ಹೊಡೆದೆ. ಕಾರ್ಬುರೇಟರ್ ಬಾಯಿಂದ ‘ಢಂ’ ಅಂತ ಬೆಂಕಿ ಬಂತು. ಎಂಜಿನ್ ಕ್ಯಾಬಿನ್ನಿನ ಒಳಗೇ ಇರುತ್ತದೆ ಅಂದೆನಲ್ಲ, ನಾನೂ ಒಳಗೇ ಇದ್ದೆ. ಶೆಡ್ಡಿನಲ್ಲಿ ಮಲಗಿದ್ದ ನಾಯಿ ಕಾಫಿ ಗಿಡಗಳ ನಡುವೆ ಮಾಯವಾಯಿತು. ಎರಡು ನಿಮಿಷಕ್ಕೆ ಪಕ್ಕದ ತೋಟದ ಮಾವನ ಫೋನು. ‘ಏನೋ, ಆನೆ ಬಂತಾ? ಯಾವ ಕಡೆ ಓಡಿಸ್ದೆ?’

ಆನೆ ಇಲ್ಲ, ಲಾರಿ ಅಂದೆ. ಅವರು ಸಮಾಧಾನದಿಂದ ಫೋನ್ ಇಟ್ಟರು.

ವೈರು ಸರಿ ಮಾಡಿದ ಮೇಲೆ ಮಾತ್ರ, ಸುಳ್ಳು ಹೇಳಬಾರದು, ಗಾಡಿ ಹೊಲಿಗೆ ಮೆಷಿನ್ನಿನ ಹಾಗೆ ಓಡಿತು. ಹಳೆ ಪಾಯಿಂಟು, ಅದರ ಜೊತೆಗಾರ ಕಂಡೆನ್ಸರು ಎತ್ತಿ ಕಸದ ಬುಟ್ಟಿಗೆ ಎಸೆದೆ. ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಪೇಟೆಗೆ ಹೊರಟೆ. ಸರಿಯಾಗಿ ಹೇಮಾವತಿ ಸೇತುವೆಯ ಮಧ್ಯೆ ಗಾಡಿ ಉಸಿರು ಬಿಟ್ಟಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಇನ್ನೂ ಮೂರು ಬಸ್ಸು. ಕಂಡಕ್ಟರ್ ಇಳಿದು ಬಂದು ಗಾಡಿಯನ್ನು ಒಂದು ಸುತ್ತು ನೋಡಿ, ‘ಮ್ಯೂಸಿಯಂಗೆ ದಾರಿ ಈ ಕಡೆ ಅಲ್ಲ ಸಾರ್’ ಅಂದರು. ನಾಲ್ಕು ಜನ ಹುಡುಗರು ತಳ್ಳಿ ದಡ ಸೇರಿಸಿದರು. ಕಾಲು ಗಂಟೆ ತಣ್ಣಗಾದ ಮೇಲೆ ತಾನಾಗಿಯೇ ಸ್ಟಾರ್ಟ್ ಆಯಿತು. ಮನೆ ಮುಟ್ಟುವುದರೊಳಗೆ ಇನ್ನೂ ಎರಡು ಸಲ ನಿಂತಿತು. ಹೆಂಡತಿ ಎರಡನೆಯ ಸಲಕ್ಕೆ ಇಳಿದು ನಡೆದಳು. ಅವಳೇ ಮೊದಲು ಮನೆ ಸೇರಿದಳು.

ಸೋಮವಾರ ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿಯಲ್ಲಿ 12.4 ವೋಲ್ಟು. ಕೀ ಆನ್ ಮಾಡಿ ಕಿಟ್ಟಿನ ಕೆಂಪು ವೈರಿನಲ್ಲಿ ನೋಡಿದರೆ ಎಂಟೂ ಇಲ್ಲ. ಉಳಿದದ್ದು ಎಲ್ಲಿ ಹೋಯಿತು? ವೈರು ಹಿಡಿದು ಇಂಚು ಇಂಚಾಗಿ ಹೋದೆ. ಫೋಟೊ ತೆಗೆದೆ, ಚಿತ್ರ ಬರೆದೆ, ಕಾಫಿ ಕುಡಿದೆ. ಕೊನೆಗೆ ಡ್ಯಾಶ್‌ಬೋರ್ಡಿನ ಅಡಿ ಬೆರಳುದ್ದದ ಬಿಳಿ ಪಿಂಗಾಣಿ ತುಂಡು ಸಿಕ್ಕಿತು. ಬಲಾಸ್ಟ್ ರೆಸಿಸ್ಟರ್. ಪಾಯಿಂಟು ಬೇಗ ಸುಡದಿರಲಿ ಅಂತ ಕಾಯಿಲ್‌ಗೆ ಹೋಗುವ ಕರೆಂಟು ಕಡಿಮೆ ಮಾಡಲು ಯಾವ ಕಾಲದಲ್ಲೋ ಯಾರೋ ಹಾಕಿದ್ದು. ಪಾಯಿಂಟಿಗೆ ಅದು ಪಥ್ಯ, ನನ್ನ ಕಿಟ್ಟಿಗೆ ಉಪವಾಸ. ಕಿಟ್ಟಿಗೆ ಪೂರ್ತಿ 12 ವೋಲ್ಟು ಬೇಕು.

ಹೆಂಡತಿಯನ್ನು ಕರೆದು ಎಲ್ಲ ವಿವರಿಸಿದೆ. ಚಿತ್ರವನ್ನೂ ತೋರಿಸಿದೆ. ‘ಸರಿ ರೀ, ಈಗ ಸ್ಟಾರ್ಟ್ ಮಾಡಿ’ ಅಂದಳು. ಕೆಂಪು ವೈರನ್ನು ನೇರವಾಗಿ ಕೀ ಸ್ವಿಚ್ಚಿಗೆ ಕೊಟ್ಟು ಸೆಲ್ಫ್ ಹೊಡೆದೆ. ಎಂಜಿನ್ ಗರಗರ ತಿರುಗಿತು. ಕಿಡಿ ಇಲ್ಲ. ಸುಟ್ಟ ವಾಸನೆ ಇತ್ತು.

ಕಿಟ್ಟಿನ ಜೊತೆ ಬಂದ ಚೀಟಿಯನ್ನು ಆಗ ಮೊದಲ ಸಲ ಪೂರ್ತಿ ಓದಿದೆ. ಎಂಜಿನ್ ಓಡದಿರುವಾಗ ಕೀ ಆನ್ ಇಡಬೇಡಿ, ಮಾಡ್ಯೂಲ್ ಸುಟ್ಟುಹೋಗುತ್ತದೆ. ನಾನು ಕಾಯಿಲೆ ಕಂಡುಹಿಡಿಯುತ್ತಾ ಮುಕ್ಕಾಲು ಗಂಟೆ ಕೀ ಆನ್ ಇಟ್ಟಿದ್ದೆ.

ಮರುದಿನ ಹತ್ತು ಗಂಟೆಗೆ ಎಫ್‌ಸಿ. ಬೆಳಿಗ್ಗೆ ಏಳಕ್ಕೆ ಮೇಸ್ತ್ರಿ ಬಂದರು. ಏನೂ ಕೇಳಲಿಲ್ಲ. ಅದೇ ಜಾಸ್ತಿ ನೋವಾಯಿತು. ‘ಪಾಯಿಂಟ್ ಎಲ್ಲಿ?’ ಅಂದರು. ನಾನು ಕಸದ ಬುಟ್ಟಿ ನೆನೆಸಿಕೊಂಡು ಸುಮ್ಮನಾದೆ. ಅಷ್ಟರಲ್ಲಿ ಅವ್ವ ಒಳಗಿನಿಂದ ಹಾರ್ಲಿಕ್ಸ್ ಬಾಟಲಿ ತಂದರು. ಹಳೆ ಗುಂಡಿ, ಟಾರ್ಚಿನ ಬಲ್ಬು, ರಬ್ಬರ್ ಬ್ಯಾಂಡುಗಳ ಮಧ್ಯೆ ನಮ್ಮ ಪಾಯಿಂಟು, ಕಂಡೆನ್ಸರು. ‘ಮಗಾ, ಕಬ್ಬಿಣ ಎಸೀಬಾರದು’ ಅಂದರು ಅಷ್ಟೇ.

ಮೇಸ್ತ್ರಿ ಪಾಯಿಂಟು ಕೂರಿಸಿದರು, ಬಿಳಿ ತುಂಡನ್ನು ಮತ್ತೆ ಲೈನಿಗೆ ಹಾಕಿದರು. ಗ್ಯಾಪ್ ಇಡುವ ಹೊತ್ತಿಗೆ ಜೇಬು ತಡಕಿ ನಿಂತರು.

‘ಡಾಕ್ಟ್ರು ಸಿಗರೇಟು ಬಿಡಿಸಿಬಿಟ್ರು ಗೌಡ್ರೆ, ಪ್ಯಾಕಿಲ್ಲ.’

ಗ್ಯಾಪ್ ಅಳೆಯುವ ನನ್ನ ಹೊಸ ಫೀಲರ್ ಗೇಜ್ ಚಾಚಿದೆ. ಅದನ್ನು ನೋಡಲೂ ಇಲ್ಲ. ಸೀಟಿನ ಮೇಲೆ ಬಿದ್ದಿದ್ದ ಯಾವುದೋ ಹೊಳಪಿನ ಕಾರ್ಡು ತೆಗೆದುಕೊಂಡು ಉದ್ದಕ್ಕೆ ಹರಿದು ಮಡಿಸಿ ತೂರಿಸಿದರು. ಅರ್ಧ ಸೆಲ್ಫಿಗೆ ಗಾಡಿ ಎದ್ದಿತು. ಎಫ್‌ಸಿಯೂ ಆಯಿತು.

ಸಂಜೆ ಕಿಟ್ ಮಾರಿದವರಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ‘ಬದಲಿ ಕೊಡ್ತೀವಿ ಸಾರ್, ವಾರಂಟಿ ಕಾರ್ಡಿನ ಫೋಟೊ ಕಳಿಸಿ’ ಅಂದರು. ಕಾರ್ಡು ಹುಡುಕುತ್ತಾ ಲಾರಿಯ ಸೀಟಿನ ತನಕ ಹೋದವನು ಅಲ್ಲೇ ನಿಂತೆ. ಆಮೇಲೆ ಬೈಕ್ ಹತ್ತಿ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ.

ಕಾರ್ಡು ಅವರ ಅಂಗಿಯ ಜೇಬಿನಲ್ಲಿತ್ತು. ಗ್ರೀಸ್ ಹತ್ತಿತ್ತು. ನಾನು ಕೈ ಚಾಚಿದರೆ ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡರು.

‘ಇದು ಕೊಡಲ್ಲ ಗೌಡ್ರೆ. ಸರಿಯಾಗಿ ಇಪ್ಪತ್ತು ಥೌ ಇದೆ.’