ನೀರು ಬದಲಿಸಿದ ಮರುದಿನವೇ ಮೀನು ಸಾಯುವುದೇಕೆ?

ಅಕ್ವೇರಿಯಂನ ನೀರನ್ನೆಲ್ಲ ಚೆಲ್ಲಿ, ಗಾಜು ಉಜ್ಜಿ, ನಳದ ನೀರು ತುಂಬಿಸಿದ ಮರುದಿನವೇ ಮೀನುಗಳು ಸತ್ತರೆ ನಮ್ಮ ಕಲಬುರಗಿಯಲ್ಲಿ ಬೈಗುಳ ತಿನ್ನುವವನು ಮೀನು ಮಾರಿದವನು. "ಅಂಗಡಿಯವ ಖರಾಬ್ ಮೀನ ಕೊಟ್ಟಾನ್ರಿ" ಎಂಬ ಮಾತನ್ನು ನಮ್ಮ ಓಣಿಯಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಹೀಗೆ ಸಾಯುವ ಮೀನುಗಳಲ್ಲಿ ಹೆಚ್ಚಿನವು ರೋಗದಿಂದಲ್ಲ, ನಾವು ಸುರಿದ ಹೊಸ ನೀರಿನಿಂದ ಸಾಯುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಮನೆಗಳಿಗೆ ಬರುವುದು ವರ್ಷವಿಡೀ ಒಂದೇ ನೀರಲ್ಲ. ನಗರಕ್ಕೆ ಭೀಮಾ ನದಿಯ ನೀರೂ ಇದೆ, ಬೆಣ್ಣೆತೊರಾ ಜಲಾಶಯದ ನೀರೂ ಇದೆ. ನಳ ಬಾರದ ದಿನ ಬೋರ್ ನೀರು, ಬೇಸಿಗೆಯಲ್ಲಿ ಎಲ್ಲಿ ತುಂಬಿಸಿದ್ದೆಂದು ತಿಳಿಯದ ಟ್ಯಾಂಕರ್ ನೀರು. ಮಳೆಗಾಲದಲ್ಲಿ ಹೊಳೆಗೆ ರಾಡಿ ನೀರು ಬಂದರೆ ಅದನ್ನು ತಿಳಿಗೊಳಿಸಲು ಆಲಂ, ಕ್ರಿಮಿ ಕೊಲ್ಲಲು ಕ್ಲೋರಿನ್ ಹೆಚ್ಚು ಬೇಕಾಗುತ್ತದೆ. ಅದು ನಮ್ಮ ಆರೋಗ್ಯಕ್ಕೆ ಅವಶ್ಯ, ಅದರ ಬಗ್ಗೆ ನನ್ನ ತಕರಾರಿಲ್ಲ. ಕುಡಿಯುವ ನೀರಿನ ರಾಷ್ಟ್ರೀಯ ಮಾನದಂಡವೇ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ. ಆದರೆ ನಮ್ಮ ಹೊಟ್ಟೆ ತಾಳಿಕೊಳ್ಳುವ ಕ್ಲೋರಿನ್ನನ್ನು ಮೀನಿನ ಕಿವಿರು ತಾಳುವುದಿಲ್ಲ, ಏಕೆಂದರೆ ಅಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಅತಿ ತೆಳುವಾದ ಪೊರೆ ಮಾತ್ರ. ಅದು ಸುಟ್ಟಂತಾದಾಗ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತದೆ, ಕಿವಿರಿನ ಮುಚ್ಚಳ ಬೇಗ ಬೇಗ ಬಡಿದುಕೊಳ್ಳುತ್ತದೆ. ಅದನ್ನು ಹಸಿವೆಂದು ತಿಳಿದು ಕಾಳು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕ್ಲೋರಿನ್ ಇಲ್ಲದ ಬೋರ್ ನೀರು ನಿರಪಾಯಕಾರಿ ಎಂದು ನಂಬುವವರೂ ಇದ್ದಾರೆ. ಆ ನೀರು ಗಡಸು; ನೆಲದಡಿ ಸುಣ್ಣಕಲ್ಲೇ ಇರುವ ಶಹಾಬಾದ್, ಸೇಡಂ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ನೀರು ಆಮ್ಲೀಯವಾಗುತ್ತ ಹೋಗುತ್ತದೆ, ಅಲ್ಲಿ ಸೇರಿದ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ಮೀನಿಗೆ ಅಷ್ಟು ಹಾನಿ ಮಾಡದೆ ಇರುತ್ತದೆ. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ ಪಿಎಚ್; ಅದು ಇಳಿದಷ್ಟೂ ನೀರು ಆಮ್ಲೀಯ. ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ವಿಷಕಾರಿ ಭಾಗ ಶೇಕಡಾ ಒಂದಕ್ಕೂ ಕಡಿಮೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಶೇಕಡಾ 5 ಆಗುತ್ತದೆ. ಅಂದರೆ ಹಳೆಯ ನೀರಿಗೆ ಒಮ್ಮೆಲೆ ಗಡಸು ನೀರು ಬಿದ್ದು ಪಿಎಚ್ ಏರಿದಾಗ, ಹೊಸದಾಗಿ ಏನೂ ಸೇರದಿದ್ದರೂ, ಒಳಗೇ ಇದ್ದದ್ದು ವಿಷವಾಗುತ್ತದೆ. ನೀರು ನೋಡಲು ಕನ್ನಡಿಯಂತೆ ಇರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ತೊಳೆಯುವುದೂ ಇಷ್ಟೇ ಕೆಟ್ಟದ್ದು. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ನೆಲೆಸಿರುವುದು ಆ ಸ್ಪಂಜಿನಲ್ಲೇ, ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಮೆಲ್ಲಗೆ ಹಿಂಡಿದರೆ ಸಾಕು.

ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ನೀರು ಬದಲಿಸಬಾರದು. ಬಹಳ ದಿನ ಬಿಟ್ಟ ತೊಟ್ಟಿಯಾದರೆ ಅದಕ್ಕಿಂತಲೂ ಕಡಿಮೆ, ಕೆಲವು ದಿನಗಳ ಅಂತರದಲ್ಲಿ. ಹೊಸ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ, ಸಾಧ್ಯವಾದರೆ ಗಾಳಿಯ ಪಂಪು ಹಚ್ಚಿ, ಒಂದು ಹಗಲು ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿಗಳಿವೆ. ನಮ್ಮ ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದನ್ನು ನೆರಳಿನಲ್ಲಿಟ್ಟು ತಣಿಸದೆ ಹಾಕಲೇಬಾರದು.

ಮೀನು ಮಾರುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಚೀಲಕ್ಕೆ ಗಾಳಿ ತುಂಬಿ ಕೊಡುವ ಮೊದಲು, ಮನೆಯಲ್ಲಿ ಯಾವ ನೀರು ಇದೆ ಎಂದು ದಯವಿಟ್ಟು ಕೇಳಿರಿ. ಗಪ್ಪಿ, ಮೋಲಿಗಳು ಗಡಸು ನೀರಿಗೆ ಒಗ್ಗುತ್ತವೆ. ಅಮೆಜಾನಿನ ಮೃದು ನೀರಿನ ನಿಯಾನ್ ಟೆಟ್ರಾವನ್ನು ಬೋರ್ ನೀರಿನ ಮನೆಗೆ ಕಳಿಸಬೇಡಿರಿ.